ಮುಖವಾಡದ ವಕೀಲ, ಮೆಕ್ಕೆಜೋಳದ ಪಟ್ಟಿ

ಪ್ರಶ್ನೆ: ನನಗೆ 31 ವರ್ಷ. ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ‘ಡೇರ್‌ಡೆವಿಲ್’ ಎಂಬ ಅಮೆರಿಕದ ಸೂಪರ್‌ಹೀರೋ ಸೀರೀಸ್‌ನ ಮೂರೂ ಸೀಸನ್ ಎರಡೆರಡು ಸಲ ನೋಡಿದ್ದೇನೆ. ಅದರ ಹೀರೋ, ಕಣ್ಣು ಕಾಣದ ವಕೀಲ ಮ್ಯಾಟ್ ಮರ್ಡಾಕ್ ಚರ್ಚಿನಲ್ಲಿ ಪಾದ್ರಿಯ ಹತ್ತಿರ ಕೂತು ಮಾತಾಡುವಾಗ ನನಗೆ ಏನೋ ಆಗುತ್ತದೆ. ಮಠಕ್ಕೆ ಹೋದರೂ, ಮನೆಯಲ್ಲಿ ಪೂಜೆಗೆ ಕೂತರೂ ಅದು ಆಗುವುದಿಲ್ಲ. ‘ನಾನು ಹುಟ್ಟಿದ್ದಾದರೂ ಯಾಕೆ’ ಎಂಬ ಪ್ರಶ್ನೆ ಆ ಹೊತ್ತಿಗೆ ಎದ್ದು ಕೂರುತ್ತದೆ, ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಮಾಯ. ಮನೆಯವರು ನಗುತ್ತಾರೆ. ಸೂಪರ್‌ಹೀರೋ ಕಥೆಯಿಂದ ಅಧ್ಯಾತ್ಮ, ಬದುಕಿನ ಗುರಿ ಸಿಗುವುದುಂಟೆ? ಸಿಗುವುದಾದರೆ ಅದನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ?

ಉತ್ತರ: ಸಿಗುತ್ತದೆ, ಆದರೆ ನೇರವಾಗಿ ಅಲ್ಲ. ನಿಮ್ಮ ಮನಸ್ಸು ಈಗಾಗಲೇ ಯಾವುದಕ್ಕೆ ಒಲಿದಿದೆ ಎಂಬುದನ್ನು ಇಂಥ ಸೀರೀಸ್ ತೋರಿಸಿಕೊಡಬಲ್ಲದು; ಗುರಿಯನ್ನು ಕೈಗಿಡಲಾರದು. ಬೆಳಿಗ್ಗೆಗೆ ಏನೂ ಉಳಿಯದೆ ಇರುವುದಕ್ಕೂ ನಿಮ್ಮ ಶ್ರದ್ಧೆಯನ್ನು ದೂರಬೇಕಾಗಿಲ್ಲ. ಒಂದು ಎಪಿಸೋಡ್ ಮುಗಿದು ಮನಸ್ಸು ಉಸಿರು ತೆಗೆಯುವ ಮೊದಲೇ ಇನ್ನೊಂದು ತಾನಾಗಿ ಶುರುವಾಗುತ್ತದಲ್ಲ, ಅರ್ಧ ತೊಂದರೆ ಅಲ್ಲಿದೆ.

ಮನೆಯವರ ನಗುವಿನ ವಿಷಯ ಮೊದಲು ಮುಗಿಸೋಣ. ಇನ್ನೊಬ್ಬರ ಒಳ್ಳೆಯತನವನ್ನೋ ತ್ಯಾಗವನ್ನೋ ಕಂಡಾಗ ಎದೆ ಬೆಚ್ಚಗಾಗುತ್ತದೆ, ಗಂಟಲು ಕಟ್ಟುತ್ತದೆ, ‘ನಾನೂ ಸ್ವಲ್ಪ ನೆಟ್ಟಗಾಗಬೇಕು’ ಅನ್ನಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ 2000ದ ಸುಮಾರಿಗೆ ಈ ಭಾವವನ್ನು ‘ಎಲಿವೇಶನ್’ ಎಂದು ಕರೆದು ಅದರ ಅಧ್ಯಯನ ಶುರು ಮಾಡಿದರು. ಆಮೇಲಿನ ಪ್ರಯೋಗಗಳಲ್ಲಿ ಜನರಲ್ಲಿ ಈ ಭಾವ ಹುಟ್ಟಿಸಲು ಬಳಸಿದ್ದು ಹೆಚ್ಚಾಗಿ ವಿಡಿಯೊ ತುಣುಕುಗಳನ್ನೇ. ಅಂದಮೇಲೆ ಪರದೆ ನೋಡಿ ಕಣ್ಣು ಒದ್ದೆಯಾದರೆ ಅದು ಸುಳ್ಳು ಭಾವವೇನಲ್ಲ. ಅದಕ್ಕೆ ಆಯುಸ್ಸು ಕಡಿಮೆ, ಅಷ್ಟೆ.

ಆದರೆ ಸೂಪರ್‌ಹೀರೋ ಕಥೆಯಲ್ಲಿ ಇದರ ಜೊತೆಗೇ ಇನ್ನೊಂದು ಭಾವವೂ ಬೆರೆತು ಬರುತ್ತದೆ. ಮೈ ಜುಂ ಅನ್ನುವುದು, ಮುಷ್ಟಿ ಬಿಗಿಯುವುದು, ‘ನನಗೂ ಆ ಶಕ್ತಿ ಇದ್ದಿದ್ದರೆ’ ಅನ್ನಿಸುವುದು. ಇವೆರಡನ್ನು ಬೇರ್ಪಡಿಸದೆ ಮುಂದೆ ಹೋದವರು ಸಾಮಾನ್ಯವಾಗಿ ಜಿಮ್‌ಗೆ ಹಣ ಕಟ್ಟಿ ಬರುತ್ತಾರೆ! ಮೊದಲ ಸೀಸನ್‌ನ ಎರಡನೆಯ ಎಪಿಸೋಡ್ ನೆನಪಿಸಿಕೊಳ್ಳಿ. ಅಪಹರಣಕ್ಕೆ ಒಳಗಾದ ಹುಡುಗನನ್ನು ಬಿಡಿಸಲು ಮ್ಯಾಟ್ ಒಂದು ಇಕ್ಕಟ್ಟಾದ ಕಾರಿಡಾರಿಗೆ ನುಗ್ಗುತ್ತಾನೆ. ಆ ಹೊಡೆದಾಟ ಒಂದೇ ಶಾಟ್‌ನಂತೆ ಸಾಗುತ್ತದೆ, ಮೈಕ್ರೋವೇವ್ ಓವನ್ ಕೂಡ ಹಾರಿ ಬರುತ್ತದೆ. ನಡುನಡುವೆ ಅವನು ಗೋಡೆಗೆ ಒರಗುತ್ತಾನೆ, ಕುಸಿಯುತ್ತಾನೆ, ಏದುಸಿರು ಬಿಡುತ್ತ ಮತ್ತೆ ಏಳುತ್ತಾನೆ. ಕೊನೆಗೆ ಹುಡುಗನನ್ನು ಎತ್ತಿಕೊಂಡು ಹೊರಗೆ ಬರುತ್ತಾನೆ. ನಿಮಗೆ ಗಂಟಲು ಕಟ್ಟಿದ್ದು ಎಲ್ಲಿ? ಓವನ್ ಹಾರಿದಾಗಲೋ, ಅವನು ಗೋಡೆ ಹಿಡಿದು ನಿಂತಾಗಲೋ, ಹುಡುಗ ಅವನ ತೋಳಿಗೆ ಬಂದಾಗಲೋ? ಮೂರಕ್ಕೆ ಮೂರು ಬೇರೆ ಅರ್ಥ. ಮೊದಲನೆಯದು ಬಲದ ಆಸೆ. ಎರಡನೆಯದು ನಿಮ್ಮದೇ ದಣಿವಿಗೆ ಅಲ್ಲಿ ಸಿಕ್ಕ ಗುರುತು. ಮೂರನೆಯದು ಒಂದು ದಿಕ್ಕು.

ಹಾಗಾಗಿ ಇಂಥ ಕಥೆಯಲ್ಲಿ ಹೀರೋಗೆ ಏನು ಬರುತ್ತದೆ ಎಂದು ನೋಡುವುದಕ್ಕಿಂತ ಅವನ ಕೈಯಿಂದ, ಮತ್ತು ಅವನ ಸುತ್ತಲಿನವರ ಕೈಯಿಂದ, ಏನು ಹೋಗುತ್ತದೆ ಎಂದು ನೋಡಿ. ನೀವು ಲೆಕ್ಕ ಬರೆಯುವವರು, ಖರ್ಚಿನ ಕಾಲಂ ಓದುವುದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ. ಯಾವ ಖರ್ಚನ್ನು ಕಂಡಾಗ ‘ಇದಕ್ಕಾದರೆ ನಾನೂ ಕೊಟ್ಟೇನು’ ಅನ್ನಿಸುತ್ತದೋ ಅದೇ ನಿಮ್ಮ ಗುರಿಯ ಮೊದಲ ಸುಳಿವು.

ಮಠದಲ್ಲಿ ಆಗದ್ದು ಇಲ್ಲೇಕೆ ಆಗುತ್ತದೆ ಎಂಬುದಕ್ಕೆ ಉತ್ತರ ಸರಳ. ದರ್ಶನದ ಸಾಲಿನಲ್ಲಿ ನಿಮಗೆ ಸಿಗುವುದು ಅರ್ಧ ನಿಮಿಷ, ಅದರಲ್ಲೂ ಹಿಂದಿನವರ ತಳ್ಳಾಟ. ಇಲ್ಲಿ ಸುಮಾರು 50 ನಿಮಿಷ ಒಬ್ಬ ಮನುಷ್ಯನ ಸಂಕಟದ ಒಳಗೇ ಇರುತ್ತೀರಿ, ಅವನು ಬೇರೆ ಯಾರಿಗೂ ಹೇಳಲಾಗದಂಥದ್ದನ್ನು ಬಾಯಿಬಿಟ್ಟು ಹೇಳುವುದನ್ನು ಕೇಳುತ್ತೀರಿ. ನಿಮ್ಮ ಸಂಕಟವನ್ನು ಹಾಗೆ ಹೇಳಿಕೊಳ್ಳಲು ಜಾಗವಿಲ್ಲದ್ದೇ ಆ ದೃಶ್ಯ ತಟ್ಟುವುದಕ್ಕೆ ಕಾರಣ ಇರಬಹುದು. ಇದಕ್ಕೆ ಮುಂದೆ ಬರುತ್ತೇನೆ.

ಅದಕ್ಕೆ ಮೊದಲು ಆ ಚರ್ಚಿನ ದೃಶ್ಯವನ್ನು ಅದರ ನೆಲದಲ್ಲೇ ಅರ್ಥ ಮಾಡಿಕೊಳ್ಳಬೇಕು. ಮ್ಯಾಟ್ ಕ್ಯಾಥೊಲಿಕ್. ಆ ಪಂಥದ ಪಾಪನಿವೇದನೆಗೆ ಕ್ರಮವಿದೆ: ಮೊದಲು ಪಶ್ಚಾತ್ತಾಪ, ಆಮೇಲೆ ಮಾಡಿದ್ದನ್ನು ಪಾದ್ರಿಯ ಮುಂದೆ ಬಾಯಿಬಿಟ್ಟು ಹೇಳುವುದು, ನಂತರ ಕ್ಷಮೆ, ಜೊತೆಗೆ ಪಾದ್ರಿ ವಿಧಿಸುವ ಪ್ರಾಯಶ್ಚಿತ್ತ. ಕೇಳಿದ್ದನ್ನು ಪಾದ್ರಿ ಯಾರಿಗೂ, ಪ್ರಾಣ ಹೋದರೂ, ಹೇಳುವಂತಿಲ್ಲ. ಮೊದಲ ಎಪಿಸೋಡಿನಲ್ಲಿ ಮ್ಯಾಟ್ ಫಾದರ್ ಲ್ಯಾಂಟಮ್ ಹತ್ತಿರ ಬಂದು ಕೇಳುವುದು ತಾನು ಮಾಡಿದ್ದಕ್ಕೆ ಕ್ಷಮೆಯನ್ನಲ್ಲ, ಮುಂದೆ ಮಾಡಲಿರುವುದಕ್ಕೆ. ಅದು ಹಾಗೆ ನಡೆಯುವುದಿಲ್ಲ ಎನ್ನುತ್ತಾರೆ ಪಾದ್ರಿ. ಇಡೀ ಕಥೆಯ ಗಂಟು ಅಲ್ಲೇ ಬೀಳುತ್ತದೆ. ಅವನಿಗೆ ಬೇಕಾದದ್ದು ಕ್ಷಮೆಯಲ್ಲ, ಪರವಾನಗಿ. ನಾವು ದೇವರ ಮುಂದೆ ನಿಂತಾಗ ಬಹುಪಾಲು ಕೇಳುವುದೂ ಇದನ್ನೇ ಎಂಬುದನ್ನು ಗಮನಿಸಿದರೆ ಆ ಎರಡು ನಿಮಿಷದ ದೃಶ್ಯಕ್ಕೆ ಬೆಲೆ ಬಂತು. ಇದನ್ನು ಎಳೆದು ತಂದು ‘ನಮ್ಮಲ್ಲೂ ಇದೇ ಇದೆ, ಎಲ್ಲ ಒಂದೇ’ ಎಂದು ಮುಗಿಸಬೇಡಿ. ಶರಣರಲ್ಲಿ ಪಾಪ ಕೇಳುವ ಪಾದ್ರಿ ಇಲ್ಲ. ಬಸವಣ್ಣ ತನ್ನ ಕೊರತೆಯನ್ನು ಹೇಳಿಕೊಂಡದ್ದು ನೇರವಾಗಿ ಕೂಡಲಸಂಗಮದೇವನಿಗೆ, ಅದೂ ನಾಲ್ಕು ಜನ ಕೇಳುವಂತೆ. ಎರಡೂ ದಾರಿಗಳನ್ನು ಬೇರೆಬೇರೆಯಾಗಿ ಇಟ್ಟು ನೋಡಿದರೇ ಎರಡರಿಂದಲೂ ಕಲಿಯಬಹುದು.

ಈಗ ಕ್ರಮ. ಮೊದಲ ಸೀಸನ್ನಿನಲ್ಲಿ 13 ಎಪಿಸೋಡ್‌ಗಳಿವೆ. ವಾರಕ್ಕೆ ಒಂದೇ. ಶನಿವಾರವೋ ಭಾನುವಾರವೋ ದಿನ ಗೊತ್ತು ಮಾಡಿ, ರಾತ್ರಿ 9ರ ಒಳಗೆ ಮುಗಿಯುವಂತೆ ಕೂರಿ. ಹಾಸಿಗೆಯಲ್ಲಿ ಬೇಡ, ಊಟದ ತಟ್ಟೆ ಹಿಡಿದೂ ಬೇಡ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಿ. ಇದೊಂದು ಮಾಡದೆ ಉಳಿದದ್ದೆಲ್ಲ ಮಾಡಿದರೆ ಪ್ರಯೋಜನ ಕಡಿಮೆ. ಮುಗಿದ ಮೇಲೆ 20 ನಿಮಿಷ ಮೊಬೈಲ್ ಮುಟ್ಟಬೇಡಿ, ಆ ಎಪಿಸೋಡಿನ ಬಗ್ಗೆ ಯೂಟ್ಯೂಬ್‌ನಲ್ಲಿ ಯಾರು ಏನು ಹೇಳಿದ್ದಾರೆ ಎಂದು ಹುಡುಕಬೇಡಿ. ಬೇರೆಯವರ ವ್ಯಾಖ್ಯಾನ ಕಿವಿಗೆ ಬಿದ್ದರೆ ನಿಮ್ಮ ಅನುಭವ ಅದರ ಆಕಾರಕ್ಕೇ ಬಂದುಬಿಡುತ್ತದೆ.

ಆ 20 ನಿಮಿಷದಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ, ಪೆನ್ನಿನಲ್ಲಿ, ನಾಲ್ಕು ಕಾಲಂ ಎಳೆದು ಬರೆಯಿರಿ. ಒಂದು: ನನ್ನನ್ನು ಹಿಡಿದು ನಿಲ್ಲಿಸಿದ ಗಳಿಗೆ ಯಾವುದು. ಎರಡು: ಮೈಯಲ್ಲಿ ಏನಾಯಿತು, ಜುಂ ಅಂದಿತೋ, ಗಂಟಲು ಕಟ್ಟಿತೋ, ಸಿಟ್ಟು ಬಂತೋ, ನಾಚಿಕೆಯಾಯಿತೋ. ಮೂರು: ಅಲ್ಲಿ ಯಾರು ಏನನ್ನು ತೆತ್ತರು. ನಾಲ್ಕು: ನನ್ನ ಈ ವಾರದಲ್ಲಿ, ಈ ಊರಲ್ಲಿ, ಆ ಜಾಗದಲ್ಲಿ ನಿಂತವರು ಯಾರು. ನಾಲ್ಕನೆಯ ಕಾಲಂನಲ್ಲಿ ‘ಬಡವರು’, ‘ಸಮಾಜ’ ಎಂದು ಬರೆದರೆ ಹೊಡೆದು ಹಾಕಿ. ಒಬ್ಬ ಮನುಷ್ಯನ ಹೆಸರು ಇರಬೇಕು, ನಿಮಗೆ ಪರಿಚಯದ ಹೆಸರು. ಒಟ್ಟು ಎಂಟು ಸಾಲು ಮೀರಬಾರದು. ಪುಟಗಟ್ಟಲೆ ಬರೆಯುವವರು ಎರಡು ವಾರಕ್ಕೆ ಸುಸ್ತಾಗಿ ಬಿಡುತ್ತಾರೆ, ಅಥವಾ ಬರವಣಿಗೆಯೇ ಚೆಂದ ಕಂಡು ಅದರಲ್ಲೇ ಮುಳುಗುತ್ತಾರೆ.

ಒಂದು ಮಾದರಿ ಹೇಳುತ್ತೇನೆ. ಎರಡನೆಯ ಎಪಿಸೋಡಿನಲ್ಲಿ ಕಸದ ತೊಟ್ಟಿಯಲ್ಲಿ ಅರೆಸತ್ತು ಬಿದ್ದ ಮುಖವಾಡದವನನ್ನು ನರ್ಸ್ ಕ್ಲೇರ್ ಟೆಂಪಲ್ ಮನೆಗೆ ಒಯ್ದು ಉಪಚರಿಸುತ್ತಾಳೆ. ಮೈ: ಗಂಟಲು ಕಟ್ಟಿತು. ಖರ್ಚು: ಅವಳ ನಿದ್ದೆ, ಅವಳ ನೆಮ್ಮದಿ, ಮುಂದೆ ಇದೇ ಕಾರಣಕ್ಕೆ ಅವಳನ್ನೇ ಹೊತ್ತೊಯ್ದು ಹೊಡೆಯುತ್ತಾರೆ. ನನ್ನ ಊರು: ಪಾರ್ಶ್ವವಾಯು ಆದ ಅತ್ತೆಯನ್ನು ದಿನವೂ ಎಬ್ಬಿಸಿ ಕೂರಿಸುವ ಪಕ್ಕದ ಮನೆಯಾಕೆ, ಹೆಸರು ಸಹಿತ. ಇಷ್ಟೇ. ಇದರಲ್ಲಿ ತೆತ್ತವರ ಸಾಲಿನಲ್ಲಿ ಹೀರೋ ಎಲ್ಲೂ ಬರಲಿಲ್ಲ ಎಂಬುದನ್ನು ನೋಡಿ. ಎಷ್ಟೋ ಜನರ ಪುಸ್ತಕದಲ್ಲಿ ಆ ಸಾಲಿಗೆ ಹೀರೋ ಬರುವುದೇ ಅಪರೂಪ.

ನಾಲ್ಕು ವಾರ ಆದ ಮೇಲೆ ನಾಲ್ಕೂ ಪುಟವನ್ನು ಒಟ್ಟಿಗೆ ಇಟ್ಟುಕೊಂಡು ಓದಿ, ಮರುಕಳಿಸಿದ್ದಕ್ಕೆ ಗೆರೆ ಹಾಕಿ. ಒಂದೇ ವಾರದ್ದನ್ನು ನಂಬಬೇಡಿ. ಆ ದಿನ ಅಂಗಡಿಯಲ್ಲಿ ಬೈಸಿಕೊಂಡು ಬಂದಿದ್ದರೆ ಎಲ್ಲ ದೃಶ್ಯದಲ್ಲೂ ಅವಮಾನವೇ ಕಾಣುತ್ತದೆ. ನಾಲ್ಕರಲ್ಲಿ ಮೂರು ಕಡೆ ಒಂದೇ ಬಗೆಯ ಗಳಿಗೆ ಬಂದಿದ್ದರೆ ಅದು ನಿಮ್ಮದು. ನೊಂದವರ ಪಕ್ಕದಲ್ಲಿ ಕೂರುವುದು, ಸುಳ್ಳನ್ನು ಸುಳ್ಳೆಂದು ಹೇಳುವುದು, ಹಿರಿಯರ ಸಾಲ ತೀರಿಸುವುದು, ತಪ್ಪನ್ನು ಒಪ್ಪಿಕೊಳ್ಳುವುದು: ಈ ಸೀರೀಸ್‌ನಲ್ಲಿ ಹೆಚ್ಚಾಗಿ ಜನರನ್ನು ಹಿಡಿಯುವ ಎಳೆಗಳು ಇವು. ನಾಲ್ಕೂ ಪುಟದಲ್ಲಿ ಮೈ ಜುಂ ಮಾತ್ರ ಇದ್ದರೆ? ಆಗಲಿ, ಒಳ್ಳೆಯ ಮನರಂಜನೆ ಸಿಕ್ಕಿತು ಎಂದು ಸಂತೋಷಪಡಿ, ಅದರಿಂದ ಅಧ್ಯಾತ್ಮ ಹಿಂಡಲು ಹೋಗಬೇಡಿ.

ಇಷ್ಟು ಕಷ್ಟ ಏಕೆ, ಶಕ್ತಿಮಾನ್ ನೋಡುವಾಗ ಇದೆಲ್ಲ ಬೇಕಿರಲಿಲ್ಲವಲ್ಲ ಎಂದು ಕೇಳಬಹುದು. 1997ರಿಂದ 2005ರವರೆಗೆ ದೂರದರ್ಶನದಲ್ಲಿ ಬಂದ ಆ ಧಾರಾವಾಹಿ ಕೊನೆಗೆ ಹೀರೋನನ್ನೇ ನಿಲ್ಲಿಸಿ ಮಕ್ಕಳಿಗೆ ನೀತಿ ಹೇಳಿಸುತ್ತಿತ್ತು, ಕುಂಡಲಿನಿ, ಪಂಚಭೂತಗಳನ್ನೂ ಕಥೆಯೊಳಗೇ ಬಡಿಸುತ್ತಿತ್ತು. ಡೇರ್‌ಡೆವಿಲ್ ಅಂಥದ್ದು ಏನನ್ನೂ ಹೇಳುವುದಿಲ್ಲ. ದೊಡ್ಡವರ ಕಥೆಯಲ್ಲಿ ಆ ಕೊನೆಯ ಎರಡು ನಿಮಿಷದ ಕೆಲಸ ನೋಡುವವನ ಪಾಲಿಗೆ ಬಿದ್ದಿದೆ.

ಐದನೆಯ ವಾರದಿಂದ ಕೈಗೆ ಕೆಲಸ ಕೊಡಬೇಕು. ಬರೆದು ಮೂರು ದಿನದೊಳಗೆ, 30 ನಿಮಿಷ ಮೀರದ, ಒಬ್ಬರಿಗೆ ಮಾತ್ರ ಸಂಬಂಧಿಸಿದ ಒಂದು ಕೆಲಸ. ಫೋಟೋ ಇಲ್ಲ, ಸ್ಟೇಟಸ್ ಇಲ್ಲ, ಮನೆಯಲ್ಲೂ ಹೇಳಿಕೊಳ್ಳುವಂತಿಲ್ಲ. ‘ಸಹಾಯ ಮಾಡುತ್ತೇನೆ’ ಎಂದು ಸಂಕಲ್ಪ ಮಾಡಿದರೆ ಆಗುವುದಿಲ್ಲ; ‘ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ’ ಎಂದು ಹೊತ್ತು, ಜಾಗ ಗೊತ್ತು ಮಾಡಿದರೆ ಕೆಲಸ ಆಗುವ ಸಂಭವ ಹೆಚ್ಚು. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಿಂದ ಇದನ್ನೇ ಪ್ರಯೋಗಗಳಿಂದ ತೋರಿಸಿದ್ದಾರೆ.

ನಿಮ್ಮ ವಿಷಯದಲ್ಲಿ ಆ ಜಾಗ ಕಣ್ಣ ಮುಂದೆಯೇ ಇದೆ. ಜಗಳೂರು, ಚನ್ನಗಿರಿ ಕಡೆಯಿಂದ ಮೆಕ್ಕೆಜೋಳ ತಂದ ರೈತ ಲೆಕ್ಕದ ಪಟ್ಟಿ ಹಿಡಿದು ನಿಂತಿರುತ್ತಾನೆ. ಒಟ್ಟು ತೂಕ, ಅದರಲ್ಲಿ ಚೀಲದ ತೂಕ ಎಷ್ಟು ಕಳೆದಿದೆ, ತೇವಾಂಶ ಎಷ್ಟು ತೋರಿಸಿದೆ, ಹಮಾಲಿ ಎಷ್ಟು, ಹಿಂದೆ ಒಯ್ದ ಮುಂಗಡ ಎಷ್ಟು, ಕೊನೆಗೆ ಕೈಗೆ ಎಷ್ಟು. ಬಹಳ ಜನ ಕೊನೆಯ ಸಾಲು ಮಾತ್ರ ನೋಡಿ ಜೇಬಿಗೆ ಇಟ್ಟುಕೊಂಡು ಹೋಗುತ್ತಾರೆ. ‘ಪಟ್ಟಿ ಕೈಗೆ ಕೊಟ್ಟ ಕೂಡಲೇ, ದಿನಕ್ಕೆ ಒಬ್ಬರಿಗೆ, ಸಾಲು ಸಾಲಾಗಿ ಬೆರಳಿಟ್ಟು ಓದಿ ಹೇಳುತ್ತೇನೆ.’ ನಾಲ್ಕು ನಿಮಿಷದ ಕೆಲಸ. ಬೆಂಬಲ ಬೆಲೆಯ ಖರೀದಿಗೆ ಮೆಕ್ಕೆಜೋಳದ ತೇವಾಂಶದ ಮಿತಿ ಶೇ. 14 ಎಂಬುದನ್ನೂ, ಇನ್ನೆರಡು ದಿನ ಒಣಗಿಸಿ ತಂದಿದ್ದರೆ ಎಷ್ಟು ಉಳಿಯುತ್ತಿತ್ತು ಎಂಬುದನ್ನೂ ಹೇಳಿ. ಓದಿ ಹೇಳುವಾಗ ಯಾವುದಾದರೂ ಅಂಕಿ ನಿಮಗೇ ಸರಿ ಕಾಣದಿದ್ದರೆ ರೈತನ ಎದುರಿಗೆ ನಾಟಕ ಮಾಡಬೇಡಿ. ಮೊದಲು ಮಾಲೀಕರ ಹತ್ತಿರ ಒಬ್ಬರೇ ಹೋಗಿ ಕೇಳಿ. ಅಲ್ಲಿ ನಿಮಗೆ ಎದೆ ಹೊಡೆದುಕೊಳ್ಳುತ್ತದೆ ನೋಡಿ, ಮೂರನೆಯ ಕಾಲಂನಲ್ಲಿ ನಿಮ್ಮ ಹೆಸರು ಬರುವುದು ಅಲ್ಲೇ.

ಇದು ಕಥೆಗೂ ನಿಷ್ಠವಾದ ಕೆಲಸ. ಜನ ಮರೆಯುವ ಒಂದು ಅಂಶವೆಂದರೆ ಮ್ಯಾಟ್ ಹಗಲಿನಲ್ಲಿ ವಕೀಲ. ಅವನೂ ಗೆಳೆಯ ಫಾಗಿ ನೆಲ್ಸನ್ನೂ ದೊಡ್ಡ ಕಂಪನಿಯ ದಾರಿ ಬಿಟ್ಟು, ಫೀಸು ಕೊಡಲಾಗದವರಿಗಾಗಿ ಸಣ್ಣದೊಂದು ಆಫೀಸು ತೆರೆದವರು. ಎಲೆನಾ ಕಾರ್ಡೆನಾಸ್ ಎಂಬ ಮುದುಕಿಯನ್ನು ಬಾಡಿಗೆ ಮನೆಯಿಂದ ಓಡಿಸಲು ರಿಪೇರಿಯ ನೆಪದಲ್ಲಿ ಮನೆಯನ್ನೇ ಹಾಳುಗೆಡವಿರುತ್ತಾರೆ. ಆ ಕೇಸು ಹಿಡಿಯುವುದು ಕೋಟು-ಟೈ ಹಾಕಿದ ಮರ್ಡಾಕ್. ರಾತ್ರಿಯ ಮುಖವಾಡಕ್ಕೆ ಮೂಗಿನ ಮೇಲೆ ಬೆರಳಿಡುವ ನಾವು ಹಗಲಿನ ಆ ಕಾಗದಪತ್ರದ ಕೆಲಸವನ್ನು ಫಾರ್ವರ್ಡ್ ಮಾಡಿ ನೋಡುತ್ತೇವೆ. ಚಿತ್ರದುರ್ಗದ ಓಬವ್ವ ಕಿಂಡಿಯ ಬಳಿ ಹೋದದ್ದು ಬದುಕಿನ ಗುರಿ ಹುಡುಕುತ್ತ ಅಲ್ಲ, ಗಂಡನ ಊಟದ ಹೊತ್ತಿಗೆ ನೀರು ತರಲು.

ಆರು ವಾರ ಈ ಸಣ್ಣ ಕೆಲಸ ನಡೆಸಿ, ಆಮೇಲೆ ಪರೀಕ್ಷೆ. ಎದುರಿನವರ ಹೊರೆ ನಿಜಕ್ಕೂ ಇಳಿದಿದೆಯೆ? ಅವರು ಮತ್ತೆ ನಿಮ್ಮನ್ನು ಹುಡುಕಿಕೊಂಡು ಬಂದಿದ್ದಾರೆಯೆ? ಮನೆಯಲ್ಲಿ ನಿಮ್ಮ ಸಿಡುಕು ಹೆಚ್ಚಿದೆಯೋ ಕಡಿಮೆಯಾಗಿದೆಯೋ? ಮೂರನೆಯದನ್ನು ನೀವೇ ಹೇಳಬಾರದು, ಮನೆಯವರನ್ನು ಕೇಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಮ್ ಡೇಮನ್ ಬದುಕಿನ ಗುರಿಗೆ ಕೊಟ್ಟ ವಿವರಣೆಯಲ್ಲಿ ಎರಡು ಭಾಗ ಒಟ್ಟಿಗೇ ಇರಬೇಕು: ಅದು ನನಗೆ ಅರ್ಥಪೂರ್ಣ ಅನ್ನಿಸಬೇಕು, ನನ್ನಾಚೆಗಿನ ಲೋಕಕ್ಕೂ ಅದರಿಂದ ಏನಾದರೂ ಆಗಬೇಕು. ರಾತ್ರಿ ಪರದೆಯ ಮುಂದೆ ನಿಮಗೆ ಸಿಗುತ್ತಿದ್ದುದು ಮೊದಲ ಅರ್ಧ.

ಇನ್ನು ಕೆಡುವುದು ಎಲ್ಲೆಲ್ಲಿ. ಎಲ್ಲರೂ ಎಡವುವ ಮೊದಲ ಕಲ್ಲು, ನೋಡಿದ್ದೇ ಮಾಡಿದಂತೆ ಅನ್ನಿಸುವುದು. ಅತ್ತು ಹಗುರಾದ ಮೇಲೆ ಮನಸ್ಸು ಲೆಕ್ಕ ಚುಕ್ತಾ ಆಯಿತು ಎಂದು ಮಲಗುತ್ತದೆ. ಮೂರು ದಿನದ ಗಡುವು ಇಟ್ಟದ್ದು ಇದಕ್ಕೇ.

ಎರಡನೆಯದು ಆಳವಾದದ್ದು, ಇದರ ಮೇಲೆ ಸ್ವಲ್ಪ ನಿಲ್ಲಬೇಕು. ಈ ಕಥೆಯಲ್ಲಿ ಬದುಕಿನ ಗುರಿ ಎಲ್ಲರಿಗಿಂತ ಸ್ಪಷ್ಟವಾಗಿ ಇರುವುದು ಯಾರಿಗೆ? ವಿಲನ್ ವಿಲ್ಸನ್ ಫಿಸ್ಕ್‌ಗೆ. ಹಾಳಾದ ತನ್ನ ಊರನ್ನು ಹೊಸದಾಗಿ ಕಟ್ಟಬೇಕೆಂದು ಅವನು ಮನಸಾರೆ ನಂಬಿದ್ದಾನೆ, ಅದಕ್ಕಾಗಿ ದುಡಿಯುತ್ತಾನೆ, ತ್ಯಾಗವನ್ನೂ ಮಾಡುತ್ತಾನೆ. ಮ್ಯಾಟ್ ಎಷ್ಟೋ ರಾತ್ರಿ ಸಂಶಯದಲ್ಲಿ ಒದ್ದಾಡುವಾಗ ಫಿಸ್ಕ್‌ಗೆ ಸಂಶಯವೇ ಇಲ್ಲ. ಮೊದಲ ಸೀಸನ್‌ನ ಕೊನೆಯ ಎಪಿಸೋಡಿನಲ್ಲಿ ಪೊಲೀಸ್ ವಾಹನದಲ್ಲಿ ಕೂತು ಅವನು ಬೈಬಲ್ಲಿನ ಒಂದು ಕಥೆ ಹೇಳುತ್ತಾನೆ. ದಾರಿಯಲ್ಲಿ ಕಳ್ಳರು ಬಡಿದು ಬಿಸಾಕಿದ ಪ್ರಯಾಣಿಕನನ್ನು ದೊಡ್ಡವರೆಲ್ಲ ದಾಟಿ ಹೋಗುತ್ತಾರೆ, ಯಾರೂ ಎಣಿಸದ ಸಮಾರ್ಯದವನೊಬ್ಬ ನಿಂತು ಎತ್ತಿಕೊಳ್ಳುತ್ತಾನೆ. ಇಷ್ಟು ದಿನ ತಾನೇ ಆ ಸಮಾರ್ಯದವನು ಅಂದುಕೊಂಡಿದ್ದ, ಆದರೆ ತಾನು ದಾರಿಯಲ್ಲಿ ಹೊಂಚು ಹಾಕಿದ ಕೇಡು ಎಂದು ಅವನಿಗೆ ಆಗ ಹೊಳೆಯುತ್ತದೆ. ಹೊಳೆದ ಮೇಲೆ ಅವನು ಬದಲಾಗುವುದಿಲ್ಲ, ಅದನ್ನೇ ಒಪ್ಪಿಕೊಂಡು ಮುಂದೆ ಹೋಗುತ್ತಾನೆ! ಅಧ್ಯಾತ್ಮದ ದೃಷ್ಟಿಯಿಂದ ಇಡೀ ಸೀರೀಸ್‌ನಲ್ಲಿ ಇದಕ್ಕಿಂತ ಭಯಂಕರ ದೃಶ್ಯವಿಲ್ಲ. ಗುರಿ ಗಟ್ಟಿಯಾಗಿದೆ ಅನ್ನುವುದೇ ಅದು ಒಳ್ಳೆಯದು ಅನ್ನುವುದಕ್ಕೆ ಸಾಕ್ಷಿಯಲ್ಲ, ತನ್ನ ಬಗ್ಗೆ ನಿಜ ತಿಳಿದದ್ದೂ ಸಾಲದು. ಹಾಗಾಗಿ ‘ನನಗೆ ಗುರಿ ಸಿಕ್ಕಿತು’ ಎಂಬ ಗಳಿಗೆ ಬಂದಾಗ ಪುಸ್ತಕದಲ್ಲಿ ಇನ್ನೊಂದು ಸಾಲು ಬರೆಯಿರಿ: ಇದರಲ್ಲಿ ಯಾರನ್ನಾದರೂ ದಾರಿಯಿಂದ ಸರಿಸಬೇಕಾಗಿ ಬರುತ್ತದೆಯೆ, ಅವರನ್ನು ಕೇಳಿದ್ದೇನೆಯೆ?

ಮೂರನೆಯದು ಒಳ್ಳೆಯವರಿಗೇ ಬರುವ ರೋಗ, ಅತಿ. ಮ್ಯಾಟ್ ನಿದ್ದೆ ಮಾಡುವುದಿಲ್ಲ, ಗಾಯ ಆರುವ ಮೊದಲೇ ಮತ್ತೆ ಹೊರಡುತ್ತಾನೆ, ಗೆಳೆಯನಿಗೆ ವರ್ಷಗಟ್ಟಲೆ ಸುಳ್ಳು ಹೇಳುತ್ತಾನೆ. ಹತ್ತನೆಯ ಎಪಿಸೋಡಿನಲ್ಲಿ ಫಾಗಿಗೆ ನಿಜ ಗೊತ್ತಾದಾಗ ಆಗುವ ಜಗಳ ಹೊಡೆದಾಟಗಳಿಗಿಂತ ಹೆಚ್ಚು ನೋಯಿಸುತ್ತದೆ. ‘ನಾನೊಬ್ಬನೇ ಮಾಡಬಲ್ಲೆ’ ಎಂಬ ಮಾತಿನಲ್ಲಿ ಸೇವೆ ಎಷ್ಟು, ಹಸಿವು ಎಷ್ಟು? ಇಲ್ಲಿ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನನ್ನು ಕೇಳಬೇಕು. ಗಂಡ ಮಾರಯ್ಯ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬನ್ನಿ ಎಂದು ಅವಳು ತಿರುಗಿ ಕಳಿಸಿದಳು. ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಕೇಳುವ ಆ ವಚನದಲ್ಲಿ ಆಸೆಯ ಜೊತೆಗೇ ರೋಷವನ್ನೂ ನಿಲ್ಲಿಸಿ, ಅದು ಯಮದೂತರದು ಎನ್ನುತ್ತಾಳೆ. ದಾಸೋಹಕ್ಕೆಂದೇ ತಂದ ಅಕ್ಕಿ ಅದು, ಸ್ವಂತಕ್ಕಲ್ಲ, ಆದರೂ ಬೇಡ. ಒಳ್ಳೆಯ ಕೆಲಸದಲ್ಲೂ ಅಳತೆ ಮೀರಿದರೆ ಅದು ಆಸೆ. ದಿನಕ್ಕೆ ಒಬ್ಬ ರೈತನಿಗೆ ಎಂದದ್ದು ಇದಕ್ಕೆ. ಎರಡನೆಯ ವಾರ ಹುರುಪು ಬಂದು ದಿನಕ್ಕೆ ಇಪ್ಪತ್ತು ಮಂದಿಗೆ ಓದಿ ಹೇಳಲು ಹೊರಟರೆ ಲೆಕ್ಕ ತಪ್ಪುತ್ತದೆ, ಮಾಲೀಕರಿಗೆ ಕೋಪ ಬರುತ್ತದೆ, ನಾಲ್ಕನೆಯ ವಾರಕ್ಕೆ ಒಬ್ಬರಿಗೂ ಹೇಳುವುದಿಲ್ಲ.

ಹೊಡೆದಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರದೆಯ ಮೇಲೆ ಏಟು ತಿಂದವನು ಮುಂದಿನ ದೃಶ್ಯದಲ್ಲಿ ಎದ್ದು ನಡೆಯುತ್ತಾನೆ, ನಿಜದಲ್ಲಿ ಒಂದೇ ಏಟಿಗೆ ತಲೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು, ನಿಮ್ಮ ಮೇಲೆ ಕೇಸೂ ಬೀಳುತ್ತದೆ. ಹಾಗೆಯೇ ಕುರುಡು ಎಂದರೆ ಮ್ಯಾಟ್‌ನಂತೆ ಎದೆಬಡಿತ ಕೇಳಿಸುವ ಶಕ್ತಿ ಎಂದು ನೋಡುವುದು ದೃಷ್ಟಿ ಇಲ್ಲದವರಿಗೆ ಮಾಡುವ ಅನ್ಯಾಯ. ಅವರಿಗೆ ಬೇಕಾದದ್ದು ಮಾತಾಡುವ ಲಿಫ್ಟ್, ಒತ್ತುವರಿ ಇಲ್ಲದ ಫುಟ್‌ಪಾತ್.

ಈಗ ಪಾದ್ರಿಯ ವಿಷಯ. ನಿಮ್ಮನ್ನು ಹಿಡಿದದ್ದು ಆ ಸಂಭಾಷಣೆ ಅಂದಿರಿ, ಆದ್ದರಿಂದ ನಿಮಗೆ ಅಂಥ ಒಬ್ಬ ಕೇಳುಗ ಬೇಕು. ಫಾದರ್ ಲ್ಯಾಂಟಮ್ ಒಂಬತ್ತನೆಯ ಎಪಿಸೋಡಿನಲ್ಲಿ ಸೈತಾನನ ಬಗ್ಗೆ ಅಷ್ಟು ದೊಡ್ಡ ಮಾತಾಡುವುದು ಲಾಟೆ ಕಾಫಿ ಕುಡಿಯುತ್ತ. ಪೀಠ, ಉಪದೇಶ ಏನೂ ಇಲ್ಲ. ಊರಲ್ಲಿ ಹುಡುಕುವಾಗ ಇಷ್ಟು ನೋಡಿ: ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರು, ನಿಮ್ಮ ಮಾತಿಗೆ ಬೆರಗಾಗದವರು, ಉತ್ತರಕ್ಕಿಂತ ಪ್ರಶ್ನೆ ಹೆಚ್ಚು ಕೇಳುವವರು, ನಿಮ್ಮಿಂದ ಹಣವೋ ಓಟೋ ಏನೂ ಬೇಡದವರು. ನಿವೃತ್ತ ಮೇಷ್ಟ್ರು ಆಗಬಹುದು, ಮಠದ ಸ್ವಾಮಿಗಳೂ ಆಗಬಹುದು, ಅತ್ತೆಯೂ ಆಗಬಹುದು. ತಿಂಗಳಿಗೆ ಒಂದು ಸಲ, ಒಂದು ಗಂಟೆ, ಪುಸ್ತಕದ ಗೆರೆ ಹಾಕಿದ ಸಾಲುಗಳನ್ನು ಮಾತ್ರ ಹೇಳಿ. ಸೀರೀಸ್‌ನ ಕಥೆ ಹೇಳಲು ಕೂತರೆ ಆ ಗಂಟೆ ಅಲ್ಲೇ ಮುಗಿಯುತ್ತದೆ. ಮೊದಲ ಭೇಟಿಯಲ್ಲೇ ‘ನಿನ್ನ ಗುರಿ ಇದು’ ಎಂದು ತೀರ್ಪು ಕೊಟ್ಟವರ ಹತ್ತಿರ ಎರಡನೆಯ ಸಲ ಹೋಗಬೇಡಿ.

ಒಂದು ಎಚ್ಚರ. ‘ಹುಟ್ಟಿದ್ದು ಯಾಕೆ’ ಎಂಬ ಪ್ರಶ್ನೆ ರಾತ್ರಿ ಬಂದು ಬೆಳಿಗ್ಗೆ ಹೋದರೆ ಅದು ಹುಡುಕಾಟ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಅದೇ ಕೊರೆಯುತ್ತಿದ್ದರೆ, ನಿದ್ದೆ-ಊಟ ಕೆಟ್ಟಿದ್ದರೆ, ಇಷ್ಟದ ಕೆಲಸವೂ ರುಚಿಸದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಪುಸ್ತಕ, ಕಾಲಂ ಯಾವುದೂ ಮದ್ದಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣುವುದಕ್ಕೂ ಸಂಕೋಚ ಬೇಡ.

ಮೂರನೆಯ ಸೀಸನ್ನನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಶುರುವಿನಲ್ಲಿ ಮ್ಯಾಟ್ ಅನಾಥಾಲಯದಲ್ಲಿ ಮೈಮುರಿದು ಮಲಗಿ, ಎಲ್ಲ ಕಳೆದುಕೊಂಡ ಬೈಬಲ್ಲಿನ ಯೋಬನ ಕಥೆಯನ್ನು ಅಲ್ಲಿನ ಸನ್ಯಾಸಿನಿ ಸಿಸ್ಟರ್ ಮ್ಯಾಗಿಗೆ ಹೇಳುತ್ತ ದೇವರ ಮೇಲೆ ಕೆಂಡ ಕಾರುತ್ತಾನೆ. ಪೂಜೆಗೆ ಕೂತಾಗ ಏನೂ ಆಗುವುದಿಲ್ಲ ಎಂದಿರಲ್ಲ, ಆ ಬರಡು ಹೊತ್ತಿಗೆ ಈ ಎಪಿಸೋಡ್ ಒಳ್ಳೆಯ ಜೊತೆ. ದೇವರ ಜೊತೆ ಜಗಳವಾಡುವುದೂ ಒಂದು ಸಂಬಂಧವೇ. ಅದೇ ಸೀಸನ್ನಿನಲ್ಲಿ ದೇವರ ಯೋಜನೆಯನ್ನು ನೇಯ್ದ ಬಟ್ಟೆಗೆ ಹೋಲಿಸುವ ಮಾತು ಬರುತ್ತದೆ: ಮನುಷ್ಯರಿಗೆ ಕಾಣುವುದು ಎಳೆ ಕಿತ್ತ ಹಿಂಬದಿ ಮಾತ್ರ. ಮೊಳಕಾಲ್ಮೂರಿನ ಮಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆಂದದ ಮಾತು, ನಿಮ್ಮ ನೋವಿಗೆ ನೀವೇ ಹೇಳಿಕೊಳ್ಳಬಹುದು. ಮಗನನ್ನು ಕಳೆದುಕೊಂಡವರ ಮನೆಗೆ ಹೋಗಿ ಹೇಳಬೇಡಿ.

ಆರು ವಾರದ ಪರೀಕ್ಷೆ ದಾಟಿ, ಪಟ್ಟಿ ಓದಿ ಹೇಳುವ ಕೆಲಸ ನಿಜಕ್ಕೂ ನಿಮ್ಮದು ಅನ್ನಿಸಿದರೆ ಮುಂದಿನ ಮೆಟ್ಟಿಲು ಇದೆ. ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ಅವರು ವಕೀಲರಲ್ಲದವರನ್ನೂ ಪ್ಯಾರಾ ಲೀಗಲ್ ಸ್ವಯಂಸೇವಕರನ್ನಾಗಿ ಆರಿಸಿ ತರಬೇತಿ ಕೊಡುತ್ತಾರೆ. ವಾದ ಮಾಡುವ ಕೆಲಸವಲ್ಲ; ಅರ್ಜಿ ಬರೆಸುವುದು, ಯಾವ ಕಚೇರಿಗೆ ಹೋಗಬೇಕೆಂದು ತೋರಿಸುವುದು, ಉಚಿತ ಕಾನೂನು ನೆರವು ಯಾರಿಗೆ ಸಿಗುತ್ತದೆಂದು ತಿಳಿಸುವುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಆದಾಯ ಮಿತಿಯೊಳಗಿನವರು 1987ರ ಕಾಯ್ದೆಯ ಪ್ರಕಾರ ಅದಕ್ಕೆ ಅರ್ಹರು. ವಿಚಾರಿಸಲು 15100ಕ್ಕೆ ಕರೆ ಮಾಡಬಹುದು. ಆಯ್ಕೆ ವರ್ಷವಿಡೀ ನಡೆಯುವುದಿಲ್ಲ, ಪ್ರಕಟಣೆ ಬಂದಾಗ ಅರ್ಜಿ ಹಾಕಬೇಕು. ಅಲ್ಲಿಯವರೆಗೆ ಅಂಗಡಿಯ ಪಟ್ಟಿ ಇದ್ದೇ ಇದೆ.

ನಡುವೆ ಯಾವುದಾದರೂ ಶನಿವಾರ ಎರಡನೆಯ ಎಪಿಸೋಡ್ ನೋಡಲೇಬೇಕು ಎಂದು ಮನಸ್ಸು ಹಠ ಹಿಡಿದರೆ, ಆಗಷ್ಟೇ ಮುಗಿದದ್ದನ್ನೇ ಮತ್ತೊಮ್ಮೆ ಹಾಕಿ, ಈ ಸಲ ಮೂರನೆಯ ಕಾಲಂ ಮಾತ್ರ ತುಂಬಿ.